ಕಸದ ಡಬ್ಬಿ ಮತ್ತು ಟೀಚರ್ ಕೊಟ್ಟ ಬೀಗದ ಕೈ

ಕಳೆದ ತಿಂಗಳು ಈ ಅಂಕಣದಲ್ಲಿ ಪಾಸ್‌ವರ್ಡ್ ಮರೆಯುವವರ ಬಗ್ಗೆ ಬರೆದಿದ್ದೆ. ಅದನ್ನು ಓದಿದ ನಮ್ಮ ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿ, "ಬೇರೆಯವರ ತಪ್ಪು ಚೆನ್ನಾಗಿ ಬರೀತೀರಿ. ನಿಮ್ಮದೂ ಒಂದು ಬರೀರಲ್ಲ" ಎಂದರು. ಯಾವುದನ್ನು ಹೇಳುತ್ತಿದ್ದಾರೆಂದು ಕೇಳಬೇಕಾಗಿರಲಿಲ್ಲ. ಆದ್ದರಿಂದ ಈ ಸಲ ನನ್ನದೇ ಕಥೆ.

ನಮ್ಮದು ಮುಂಬಯಿಯ ಸೆಂಟ್ರಲ್ ಲೈನಿನ ಒಂದು ಉಪನಗರದ ಕನ್ನಡ ಸಂಘ. ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ ಎರಡು ಕೋಣೆ. ಒಂದರಲ್ಲಿ ಸಭೆ, ಯಕ್ಷಗಾನದ ತಾಲೀಮು, ಗಣಪತಿ ಹಬ್ಬದ ಲೆಕ್ಕಾಚಾರ. ಇನ್ನೊಂದರಲ್ಲಿ ಗ್ರಂಥಾಲಯ, ಸುಮಾರು 3000 ಪುಸ್ತಕ. ಅದನ್ನು ನೋಡಿಕೊಳ್ಳುವವರನ್ನು ನಾವೆಲ್ಲ ಟೀಚರ್ ಎಂದೇ ಕರೆಯುತ್ತೇವೆ. ಊರು ಉಡುಪಿ ಕಡೆ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ವಾರದಲ್ಲಿ ನಾಲ್ಕು ಸಂಜೆ ಬಂದು ಬಾಗಿಲು ತೆರೆದು, ಫ್ಯಾನ್ ಹಾಕಿ, ರಿಜಿಸ್ಟರ್ ಬಿಡಿಸಿ ಕೂತರೆ ಎಂಟು ಗಂಟೆಯವರೆಗೆ ಏಳುವವರಲ್ಲ. ಸಂಬಳವಿಲ್ಲ. ಮಳೆಗಾಲದಲ್ಲಿ ರೈಲು ನಿಂತ ದಿನವೂ ಅವರು ಬಂದಿದ್ದುಂಟು.

ಎರಡು ವರ್ಷದ ಹಿಂದೆ ಸಮಿತಿಯಲ್ಲಿ "ಎಲ್ಲ ಕಡೆ ಕಂಪ್ಯೂಟರ್ ಆಯ್ತು, ನಮ್ಮ ಲೈಬ್ರರಿಯೂ ಆಗಲಿ" ಎಂಬ ಮಾತು ಬಂತು. ಸಾಫ್ಟ್‌ವೇರ್‌ನವನು ಎಂಬ ಕಾರಣಕ್ಕೆ ನನ್ನ ಕಡೆ ಎಲ್ಲರೂ ನೋಡಿದರು. ನಾನೂ ಉಬ್ಬಿದೆ. ಮೂರು ಶನಿವಾರ, ಮೂರು ಭಾನುವಾರ ಕೂತು ಒಂದು ವೆಬ್ ಅಪ್ಲಿಕೇಶನ್ ಮಾಡಿಕೊಟ್ಟೆ. ಆರು ದಿನದಲ್ಲಿ ಹೇಗೆ ಆಯಿತು ಎಂದರೆ ಟೆಂಪ್ಲೇಟ್ ಮಹಿಮೆಯಿಂದ. ಬೂಟ್‌ಸ್ಟ್ರಾಪ್ ಮೇಲೆ ಕಟ್ಟಿದ ಒಂದು ಉಚಿತ ಅಡ್ಮಿನ್ ಟೆಂಪ್ಲೇಟ್ ಇಳಿಸಿಕೊಂಡೆ. ಎಡಗಡೆ ಮೆನು, ಮೇಲೆ ಗಂಟೆ, ನಡುವೆ ಟೇಬಲ್, ಪ್ರತಿ ಸಾಲಿನ ಕೊನೆಗೆ ನಾಲ್ಕು ಪುಟ್ಟ ಚಿತ್ರ: ಕಣ್ಣು, ಪೆನ್ಸಿಲ್, ಹಿಂದಕ್ಕೆ ಬಾಗಿದ ಬಾಣ, ಕಸದ ಡಬ್ಬಿ. ಎಲ್ಲ ಮೊದಲೇ ಇದ್ದವು. ನಾನು ಹೆಸರು ಬದಲಿಸಿದೆ, ಬಣ್ಣ ಬದಲಿಸಿದೆ, ಸಂಘದ ಲಾಂಛನ ಅಂಟಿಸಿದೆ. ಐಕಾನ್ ಮುಟ್ಟಲಿಲ್ಲ. ಐಕಾನ್ ಯಾರಿಗೆ ಗೊತ್ತಿಲ್ಲ?

ಒಂದು ಭಾನುವಾರ ಪುಣೆಯಿಂದ ಒಬ್ಬರು ಬಂದರು. ಅವರ ತಾಯಿ ನಮ್ಮ ಗ್ರಂಥಾಲಯದ ಹಳೆಯ ಸದಸ್ಯೆ. ತೀರಿಕೊಂಡ ಮೇಲೆ ಅವರ ನೆನಪಿಗೆ ಮಗ ಒಂಬತ್ತು ಪುಸ್ತಕ ಕೊಟ್ಟಿದ್ದರು. ವರ್ಷಾಂತಿಕಕ್ಕೆ ಮುಂಬಯಿಗೆ ಬಂದವರು ಹಾಗೇ ಇಲ್ಲಿಗೂ ಬಂದು, ಜೊತೆಗಿದ್ದ ಮಗಳಿಗೆ "ಅಜ್ಜಿಯ ಹೆಸರಿನ ಪುಸ್ತಕ ತೋರಿಸ್ತೇನೆ" ಎಂದು ಕಂಪ್ಯೂಟರ್ ಮುಂದೆ ಕೂತರು. ದಾನಿಗಳ ಹೆಸರಿನಿಂದ ಹುಡುಕುವ ವ್ಯವಸ್ಥೆಯನ್ನು ನಾನೇ ಹೆಮ್ಮೆಯಿಂದ ಮಾಡಿದ್ದೆ. ಹೆಸರು ಹಾಕಿದರು. ಒಂಬತ್ತು ಬರಬೇಕಾದಲ್ಲಿ ನಾಲ್ಕು ಬಂತು.

ಅವರು ಸಿಟ್ಟಾಗಲಿಲ್ಲ. "ಹಳೇ ಪುಸ್ತಕ ತೆಗೆದು ಹಾಕಿದಿರೇನೋ, ಜಾಗ ಬೇಕಲ್ಲ" ಎಂದು ಮೆಲ್ಲಗೆ ಅಂದರು. ಟೀಚರ್ ಎದ್ದು ಕಪಾಟಿನಿಂದ ಐದನ್ನೂ ಒಂದೊಂದಾಗಿ ತಂದು ಮೇಜಿನ ಮೇಲಿಟ್ಟರು. ಮೊದಲ ಪುಟದಲ್ಲಿ ಆ ತಾಯಿಯ ಹೆಸರು ಟೀಚರ್ ಕೈಬರಹದಲ್ಲೇ ಇತ್ತು. ಪುಸ್ತಕ ಇದ್ದವು. ಕಂಪ್ಯೂಟರಿನಲ್ಲಿ ಇರಲಿಲ್ಲ.

ಆ ರಾತ್ರಿ ನಾನು ಡೇಟಾಬೇಸ್ ತೆರೆದು ನೋಡಿದೆ. ಐದಲ್ಲ, 64 ಪುಸ್ತಕಗಳ ದಾಖಲೆ ಮಾಯವಾಗಿತ್ತು. ಐದು ವಾರದಿಂದ, ದಿನಕ್ಕೆ ಮೂರು, ನಾಲ್ಕು. ಎಲ್ಲವೂ ಟೀಚರ್ ಲಾಗಿನ್‌ನಿಂದ, ಎಲ್ಲವೂ ಸಂಜೆ ಐದರಿಂದ ಎಂಟರ ನಡುವೆ. ಮೊದಲು ಅಣ್ಣನ ಮಗನೊಬ್ಬ ಅವರ ಪರವಾಗಿ ಎಂಟ್ರಿ ಮಾಡುತ್ತಿದ್ದ. ಅವನಿಗೆ ಬೆಂಗಳೂರಿಗೆ ವರ್ಗವಾದ ಮೇಲೆ ಟೀಚರ್ ತಾವೇ ಮಾಡತೊಡಗಿದ್ದರು. ಸರಿಯಾಗಿ ಐದು ವಾರ.

ಮರುದಿನ ಅವರ ಪಕ್ಕ ಕೂತು, "ಟೀಚರ್, ಒಂದು ಪುಸ್ತಕ ವಾಪಸ್ ಬಂದರೆ ಏನು ಮಾಡ್ತೀರಿ, ತೋರಿಸಿ" ಎಂದೆ. ಅವರು ಹೊರಗೆ ಹೋದ ಪುಸ್ತಕಗಳ ಪಟ್ಟಿ ತೆರೆದರು. ಸಾಲು ಹುಡುಕಿದರು. ಬೆರಳನ್ನು ನೇರ ಕಸದ ಡಬ್ಬಿಯ ಮೇಲೆ ಇಟ್ಟರು.

"ಇದು ಎಂತ ಟೀಚರ್?"

"ಪುಸ್ತಕ ಹಾಕುವ ಪೆಟ್ಟಿಗೆ ಅಲ್ವಾ? ಮುಚ್ಚಳ ಉಂಟು, ಒಳಗೆ ಪುಸ್ತಕ ನಿಲ್ಲಿಸಿದ ಹಾಗೆ ಮೂರು ಗೆರೆ ಉಂಟು. ದೊಡ್ಡ ಲೈಬ್ರರಿಯಲ್ಲಿ ಬಾಗಿಲ ಹತ್ರ ಇಡ್ತಾರಲ್ಲ, ವಾಪಸ್ ಹಾಕ್ಲಿಕ್ಕೆ."

ನಾನು ಆ ಚಿತ್ರವನ್ನು ಅವತ್ತು ಮೊದಲ ಸಲ ನೋಡಿದೆ. ಇಪ್ಪತ್ತು ವರ್ಷದಿಂದ ದಿನಾ ಒತ್ತಿದ್ದೇನೆ, ನೋಡಿರಲಿಲ್ಲ. ಮುಚ್ಚಳವಿರುವ ಪೆಟ್ಟಿಗೆ, ಮೂರು ನಿಂತ ಗೆರೆ. ಗ್ರಂಥಾಲಯದ ಪುಟದಲ್ಲಿ, ಪುಸ್ತಕದ ಹೆಸರಿನ ಪಕ್ಕದಲ್ಲಿ ಅದು ಬೇರೆ ಏನಾಗಿ ಕಾಣಬೇಕು?

"ಆರ್ ಯು ಶೂರ್ ಅಂತ ಕೇಳ್ತದಲ್ಲ ಟೀಚರ್, ಮತ್ತೆ ಹಿಂದೆ ತರಲಿಕ್ಕಾಗೋದಿಲ್ಲ ಅಂತ?"

"ಕೇಳ್ತದೆ. ಪುಸ್ತಕ ನನ್ನ ಕೈಯಲ್ಲೇ ಉಂಟು, ಶೂರ್ ಅಲ್ದೆ ಎಂತ? ಬಂದ ಪುಸ್ತಕವನ್ನು ಬಂದಿಲ್ಲ ಅಂತ ನಾನ್ಯಾಕೆ ಮಾಡ್ಲಿ?"

ಒತ್ತಿದ ತಕ್ಷಣ ಆ ಸಾಲು ಹೊರಗೆ ಹೋದ ಪುಸ್ತಕಗಳ ಪಟ್ಟಿಯಿಂದ ಮಾಯವಾಗುತ್ತಿತ್ತು. ಪುಸ್ತಕ ವಾಪಸ್ ಬಂದಾಗ ಆಗಬೇಕಾದದ್ದೂ ಅದೇ. ಅಂದರೆ ಪ್ರತಿ ಸಲವೂ ಕಂಪ್ಯೂಟರ್ ಅವರಿಗೆ "ಸರಿ ಮಾಡಿದಿರಿ" ಎಂದೇ ಹೇಳುತ್ತಿತ್ತು. ನಿಜವಾದ ವಾಪಸ್ ಗುಂಡಿ ಆ ಬಾಗಿದ ಬಾಣ. ಅದನ್ನು ಅವರು "ಇನ್ನೊಂದು ಸಲ ಅವರಿಗೇ ಕೊಡು" ಎಂದು ಓದಿಕೊಂಡು, ಅವಧಿ ವಿಸ್ತರಿಸಲು ಬಳಸುತ್ತಿದ್ದರು.

"ಕೆಲವು ನಂಬರ್ ಹಾಕಿದರೆ ಪುಸ್ತಕ ಬರುವುದೇ ಇಲ್ಲ. ನಿನಗೆ ಹೇಳುವ ಅಂತ ಬರೆದಿಟ್ಟಿದ್ದೇನೆ. ನೀನು ಬರಲೇ ಇಲ್ಲ ಮಾರಾಯ" ಎಂದು ಒಂದು ನೋಟ್‌ಬುಕ್ ಕೊಟ್ಟರು. ನಾನು ಬರುವುದಕ್ಕೆ ಆಫೀಸಿನ ರಿಲೀಸ್ ಅಡ್ಡ ಬಂದಿತ್ತು.

ಆಗಿದ್ದೇನೆಂದು ಹೇಳಿದೆ. ಹೇಳದೆ ಇರಬಹುದಿತ್ತು, ಹೇಳದಿದ್ದರೆ ಅದು ಇನ್ನೊಂದು ಮೋಸ. ಟೀಚರ್ ಮಾತಾಡಲಿಲ್ಲ. ಎಂಟು ಗಂಟೆಗೆ ಫ್ಯಾನ್ ಆರಿಸಿ, ಬೀಗದ ಕೈಯನ್ನು ನನ್ನ ಅಂಗೈಯಲ್ಲಿ ಇಟ್ಟು, "ವಯಸ್ಸಾಯ್ತು ಮಗಾ. ಯಾರಾದ್ರೂ ಚಿಕ್ಕವರು ನೋಡಿಕೊಳ್ಳಲಿ" ಎಂದು ಮೆಟ್ಟಿಲಿಳಿದು ಹೋದರು.

ಇಲ್ಲಿಂದ ಮುಂದಿನದು ನನ್ನ ಕಸುಬಿನ ಮಾತು. ಆದರೂ ಓದಿ. ನಿಮ್ಮ ಸಂಘಕ್ಕೂ, ಹೌಸಿಂಗ್ ಸೊಸೈಟಿಗೂ, ದೇವಸ್ಥಾನದ ಸೇವಾ ಬುಕಿಂಗಿಗೂ ಯಾರೋ ಒಬ್ಬ ನನ್ನಂಥವನು ಇಂಥದ್ದೊಂದನ್ನು ಮಾಡಿಕೊಟ್ಟಿರುತ್ತಾನೆ.

ಟೆಂಪ್ಲೇಟ್ ಜೊತೆ ಬರುವ ಐಕಾನ್‌ಗಳನ್ನು ಯಾರೂ ನಿಮಗಾಗಿ ಆರಿಸಿದ್ದಲ್ಲ. ಟ್ವಿಟರಿನ ಇಬ್ಬರು ಎಂಜಿನಿಯರುಗಳು 2011ರಲ್ಲಿ ಬೂಟ್‌ಸ್ಟ್ರಾಪನ್ನು ಹೊರತಂದರು. ಅದರ ಮೂರನೇ ಆವೃತ್ತಿಯಲ್ಲಿ ಗ್ಲಿಫಿಕಾನ್ಸ್ ಎಂಬ ಐಕಾನ್‌ಗಳು ಫಾಂಟ್ ರೂಪದಲ್ಲಿ ಜೊತೆಗೇ ಬರುತ್ತಿದ್ದವು. 2018ರ ನಾಲ್ಕನೇ ಆವೃತ್ತಿಯಲ್ಲಿ ಅವನ್ನು ಕೈಬಿಟ್ಟರು. ಅಷ್ಟರಲ್ಲಿ 2012ರಲ್ಲಿ ಶುರುವಾದ ಫಾಂಟ್ ಆಸಮ್ ಎಲ್ಲ ಕಡೆ ಹರಡಿತ್ತು. ನನ್ನ ಟೆಂಪ್ಲೇಟಿನಲ್ಲಿದ್ದದ್ದು ಅದರ 4.7ನೇ ಆವೃತ್ತಿ, ಒಟ್ಟು 675 ಚಿತ್ರ. ನಾನು ಬಳಸಿದ್ದು 22. ಉಳಿದ 653 ಚಿತ್ರಗಳನ್ನು ಸಂಘದ ನಿಧಾನ ಇಂಟರ್‌ನೆಟ್ ಸುಮ್ಮನೆ ಹೊತ್ತು ತರುತ್ತಿತ್ತು. ಕೆಲಸ ಮಾಡುವವರಿಗೆ ಇವೆಲ್ಲ ಬಹಳ ಉಪಕಾರದ ವಸ್ತುಗಳು, ಅದರಲ್ಲಿ ಅನುಮಾನವಿಲ್ಲ. ಆದರೆ ಅವು ಸಾವಿರ ಬಗೆಯ ಕೆಲಸಕ್ಕೆ ಮಾಡಿದವು. ಗ್ರಂಥಾಲಯಕ್ಕೆ ಯಾವುದು ಹೊಂದುತ್ತದೆ ಎಂದು ಯೋಚಿಸಬೇಕಾದವನು ನಾನು.

ನಾನು ಮೊದಲು ಮಾಡಿದ ಕೆಲಸ ಕಂಪ್ಯೂಟರಿನದ್ದಲ್ಲ. 22 ಐಕಾನ್‌ಗಳನ್ನು ಒಂದು ಹಾಳೆಯಲ್ಲಿ ದೊಡ್ಡದಾಗಿ ಪ್ರಿಂಟ್ ತೆಗೆದು, ಪಕ್ಕದಲ್ಲಿ ಗೆರೆ ಎಳೆದು, ಸಂಘಕ್ಕೆ ಬಂದ 11 ಜನರಿಗೆ ಕೊಟ್ಟೆ. "ಇದು ಏನು, ಒತ್ತಿದರೆ ಏನಾಗಬಹುದು, ಬರೀರಿ" ಎಂದೆ. ಚಹಾ ಕುಡಿಯುತ್ತಾ ಬರೆದುಕೊಟ್ಟರು.

ಭೂತಗನ್ನಡಿಯನ್ನು ಎಲ್ಲರೂ ಹುಡುಕುವುದಕ್ಕೆ ಎಂದರು. ಮನೆ, ಪೆನ್ಸಿಲ್, ಪ್ರಿಂಟರ್ ಕೂಡ ಪಾಸ್. ಮೆನುವಿನ ಮೂರು ಅಡ್ಡಗೆರೆಯನ್ನು ಧಾರವಾಡದ ಕಡೆಯ ಹಿರಿಯರೊಬ್ಬರು "ವಿಭೂತಿ" ಎಂದು ಬರೆದಿದ್ದರು. ಸೋಸುವುದಕ್ಕೆಂದು ಇಟ್ಟ ಆಲಿಕೆಯನ್ನು ಒಬ್ಬರು "ಸೀಮೆಎಣ್ಣೆ ಹಾಕೋದು" ಎಂದರೆ, ಇನ್ನೊಬ್ಬರು "ರಾಕೆಟ್" ಎಂದರು. ಹಲ್ಲಿನ ಚಕ್ರ ಮೂವರಿಗೆ ಹೂವು. ಹೃದಯ ಕಂಡವರು ಸಂಘದ ಆರೋಗ್ಯ ಶಿಬಿರ ಎಂದರು. ಮೋಡದಿಂದ ಇಳಿಯುವ ಬಾಣಕ್ಕೆ "ಮಳೆ ಮುನ್ಸೂಚನೆ". ಫ್ಲಾಪಿಯನ್ನು ಹಿರಿಯರು ಗುರುತಿಸಿದರು. ಅವರ ಜೊತೆ ಬಂದಿದ್ದ ಕಾಲೇಜು ಹುಡುಗಿ "ವಾಷಿಂಗ್ ಮೆಷಿನ್" ಎಂದು ಬರೆದಳು. ನ್ಯಾಯವೇ. ಸೋನಿ ಕಂಪನಿ ಜಪಾನಿನಲ್ಲಿ ಫ್ಲಾಪಿ ಮಾರುವುದನ್ನು 2011ರಲ್ಲೇ ನಿಲ್ಲಿಸಿತು. ಅವಳು ಅದನ್ನು ಕಣ್ಣಿಂದ ಕಂಡಿರಲಿಕ್ಕಿಲ್ಲ. ಕಸದ ಡಬ್ಬಿಯನ್ನು 11 ಜನರಲ್ಲಿ ಏಳು ಮಂದಿ ಕಸದ ಡಬ್ಬಿ ಎಂದೇ ಗುರುತಿಸಿದರು. ಇಬ್ಬರು "ಪುಸ್ತಕದ ಪೆಟ್ಟಿಗೆ" ಎಂದರು. ಉಳಿದಿಬ್ಬರು ಏನೂ ಬರೆಯಲಿಲ್ಲ. ಅಂದರೆ ಟೀಚರ್ ಒಬ್ಬರೇ ಅಲ್ಲ.

ಇದರಲ್ಲಿ ಹೊಸ ಸಂಗತಿ ಏನೂ ಇಲ್ಲ. ಆ ಮೂರು ಗೆರೆಯ ಮೆನುವನ್ನು 1981ರ ಜೆರಾಕ್ಸ್ ಸ್ಟಾರ್ ಕಂಪ್ಯೂಟರಿಗಾಗಿ ನಾರ್ಮ್ ಕಾಕ್ಸ್ ಎಂಬವರು ಮಾಡಿದ್ದು. ಪಟ್ಟಿಯಂತೆ ಕಾಣಲಿ ಎಂದು. 1984ರ ಮ್ಯಾಕಿಂಟಾಶ್‌ಗೆ ಚಿತ್ರ ಬರೆದ ಸೂಸನ್ ಕೇರ್ ಚೌಕುಳಿ ಕಾಗದದ ಮೇಲೆ 32ಕ್ಕೆ 32 ಚೌಕದಲ್ಲಿ ಒಂದೊಂದೇ ಮನೆ ತುಂಬಿ ಕೆಲಸ ಮಾಡಿದವರು. ಅವರ ಕಣ್ಣ ಮುಂದೆ ಇದ್ದದ್ದು ಅಮೆರಿಕದ ಆಫೀಸಿನ ಮೇಜು: ಫೋಲ್ಡರು, ಕಾಗದ, ಕಸದ ತೊಟ್ಟಿ. ಆಫೀಸಿನ ಮೇಜಿನ ಮೇಲೆ ಬೆಳೆದ ಚಿತ್ರಗಳು ನಮ್ಮ ಕಪಾಟಿನ ಪಕ್ಕ ಬಂದು ಕೂತಾಗ ಅರ್ಥ ಬದಲಾಯಿತು, ಅಷ್ಟೇ.

ಮುಂಬಯಿಯಲ್ಲಿರುವ ನಮಗೆ ಇದು ಬೇಗ ಅರ್ಥವಾಗಬೇಕು. ಡಬ್ಬಾವಾಲಾಗಳ ಡಬ್ಬಿಯ ಮುಚ್ಚಳ ನೋಡಿ. ಬಣ್ಣದಲ್ಲಿ ಬರೆದ ನಾಲ್ಕಾರು ಅಕ್ಷರ, ಅಂಕಿ. ಯಾವ ಸ್ಟೇಷನ್, ಯಾವ ಕಟ್ಟಡ, ಯಾವ ಮಹಡಿ ಎಲ್ಲ ಅದರಲ್ಲೇ. ನಮಗೆ ಒಂದೂ ತಿಳಿಯದು, ತಿಳಿಯಬೇಕಾದವರಿಗೆ ತಿಳಿಯುತ್ತದೆ. ಅದು ಅವರೇ ಮಾಡಿಕೊಂಡ ಗುರುತು. 2020ರಲ್ಲಿ ದಾದರ್ ಕಡೆ ರಸ್ತೆ ದಾಟುವ ಸಿಗ್ನಲ್‌ಗಳಲ್ಲಿ ಗಂಡಸಿನ ಆಕೃತಿಯ ಜಾಗಕ್ಕೆ ಹೆಂಗಸಿನ ಆಕೃತಿ ಬಂತು. ಕೆಂಪು, ಹಸಿರು ಹಾಗೇ ಇದ್ದವು, ರಸ್ತೆ ದಾಟುವ ನಿಯಮವೂ ಹಾಗೇ ಇತ್ತು. ಆದರೂ ಜನ ನಿಂತು ನೋಡಿದರು. ಅದುವರೆಗೆ ಅಲ್ಲಿ ಇದ್ದದ್ದು ಗಂಡಸು ಎಂದು ಎಷ್ಟೋ ಜನರಿಗೆ ಹೊಳೆದದ್ದೇ ಅವತ್ತು. ಮೊದಲಿನಿಂದ ಇರುವುದು ಕಣ್ಣಿಗೆ ಬೀಳುವುದು ಅದನ್ನು ಬದಲಿಸಿದಾಗಲೇ.

ಬದಲಿಸಲು ಕೂತಾಗ ಇನ್ನೊಂದು ಪಾಠವಾಯಿತು. ಫಾಂಟ್ ರೂಪದ ಐಕಾನ್ ಎಂದರೆ ಏನು? ಯೂನಿಕೋಡಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ಕನ್ನಡಕ್ಕೆ 0ಸಿ80ರಿಂದ ಶುರುವಾಗುವ 128 ಮನೆಗಳ ಒಂದು ಸಾಲು ಇದೆ. ಹಾಗೆಯೇ ಯಾವ ಭಾಷೆಗೂ ಸೇರದ, ಯಾರು ಏನನ್ನಾದರೂ ಇಟ್ಟುಕೊಳ್ಳಬಹುದಾದ 6400 ಮನೆಗಳನ್ನು ಖಾಲಿ ಬಿಟ್ಟಿದ್ದಾರೆ. ಐಕಾನ್ ಫಾಂಟ್ ಆ ಖಾಲಿ ಮನೆಗಳಲ್ಲಿ ಚಿತ್ರ ಕೂರಿಸುತ್ತದೆ. ಫಾಂಟ್ ಬಂದರೆ ಕಸದ ಡಬ್ಬಿ. ಬರದಿದ್ದರೆ ಖಾಲಿ ಚೌಕ.

ಸಂಘದ ಕಂಪ್ಯೂಟರಿನಲ್ಲಿ ಇಂಟರ್‌ನೆಟ್ ತಡವರಿಸಿದಾಗ ಅದೇ ಆಗುತ್ತಿತ್ತಂತೆ, ಸಾಲು ಸಾಲು ಚೌಕ. ಟೀಚರ್ ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದಿದ್ದರು: "ಇವತ್ತು ಚಿತ್ರಗಳು ಇಲ್ಲ. ಎಣಿಸಿ ನಾಲ್ಕನೆಯದನ್ನು ಒತ್ತಿದೆ." ನಾಲ್ಕನೆಯದು ಯಾವುದೆಂದು ನಿಮಗೆ ಗೊತ್ತು.

ಇದು ನಮಗೆ ಹೊಸ ರೋಗವೇ? ಯೂನಿಕೋಡ್ ರೂಢಿಗೆ ಬರುವ ಮೊದಲು ಬರಹ, ನುಡಿ, ಶ್ರೀಲಿಪಿಗಳಲ್ಲಿ ಟೈಪ್ ಮಾಡಿದವರಿಗೆಲ್ಲ ಇದು ಗೊತ್ತು. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕೃತಿ ಕೂರಿಸಿ ಕೆಲಸ ಸಾಗಿಸಿದೆವು. ಆ ಕಾಲಕ್ಕೆ ಅದು ದೊಡ್ಡ ಉಪಕಾರ. ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಫೈಲ್ ಹೋದರೆ ಕನ್ನಡವೆಲ್ಲ ಚೀನಾಬಾದಾಮಿ ಚೆಲ್ಲಿದ ಹಾಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ನಮ್ಮ ಸಂಘದ ಹಳೆಯ ಸ್ಮರಣ ಸಂಚಿಕೆಯ ಫೈಲುಗಳು ಇಂದಿಗೂ ಹಾಗೇ ಬಿದ್ದಿವೆ. ಆ ಪಾಡು ಪಟ್ಟವನು ನಾನೇ, ಅದೇ ಉಪಾಯವನ್ನು ಟೀಚರ್ ಮುಂದೆ ತಂದಿಟ್ಟವನೂ ನಾನೇ.

ಆದ್ದರಿಂದ ಫಾಂಟ್ ಬಿಟ್ಟು ಎಸ್‌ವಿಜಿಗೆ ಹೋದೆ. ಅಂದರೆ ಚಿತ್ರವನ್ನು ಅಕ್ಷರದ ವೇಷದಲ್ಲಿ ಕಳಿಸದೆ, ಗೆರೆಗಳ ವಿವರವಾಗಿಯೇ ಪುಟದ ಜೊತೆ ಕಳಿಸುವುದು. ಬಳಸುವ ಚಿತ್ರಗಳನ್ನಷ್ಟೇ ಒಂದು ಸಣ್ಣ ಫೈಲಿನಲ್ಲಿ ಕಟ್ಟಿಟ್ಟರೆ ಸಾಕು. ಆರಿಸಿದ್ದು ಲ್ಯೂಸಿಡ್ ಎಂಬ ಉಚಿತ ಗುಂಪನ್ನು. ಫೆದರ್ ಎಂಬ ಇನ್ನೊಂದು ಗುಂಪಿನಿಂದ 2020ರಲ್ಲಿ ಕವಲೊಡೆದು ಬೆಳೆದದ್ದು. ಎಲ್ಲ ಚಿತ್ರವೂ 24ಕ್ಕೆ 24ರ ಚೌಕದಲ್ಲಿ, ಎರಡು ಅಳತೆ ದಪ್ಪದ ಗೆರೆಯಲ್ಲಿ. ಈ ನಿಯಮ ಗೊತ್ತಿದ್ದರೆ ನಮಗೆ ಬೇಕಾದ ಹೊಸದೊಂದನ್ನು ನಾವೇ ಬರೆದು ಸೇರಿಸಿದರೂ ಅದು ಹೊರಗಿನದಾಗಿ ಕಾಣುವುದಿಲ್ಲ.

ಇಂಥ ಕೆಲಸಕ್ಕೆ ಕೂರುವವರಿಗೆ ಎರಡು ಮಾತು. ಒಂದು, ಐಕಾನ್‌ಗಳು ಕಂಡಲ್ಲಿ ಮಾತ್ರ ಇರುವುದಿಲ್ಲ. ಎಚ್‌ಟಿಎಂಎಲ್ ಪುಟಗಳಲ್ಲಿ ಹುಡುಕಿ ಬದಲಿಸಿ ಮುಗಿಯಿತು ಎಂದುಕೊಂಡೆ. ಆಮೇಲೆ ನೋಡಿದರೆ ಮೆನುವಿನ ಬಾಣ ಸಿಎಸ್‌ಎಸ್ ಫೈಲಿನೊಳಗೆ ಬರೀ ಸಂಖ್ಯೆಯಾಗಿ ಅಡಗಿತ್ತು. ದಿನಾಂಕ ಆರಿಸುವ ಕ್ಯಾಲೆಂಡರ್, ಟೇಬಲ್ಲಿನ ಏರಿಕೆ ಇಳಿಕೆಯ ಗುರುತು, ಜಾವಾಸ್ಕ್ರಿಪ್ಟ್ ತೋರಿಸುವ ಎಚ್ಚರಿಕೆ ಎಲ್ಲ ಹಳೆಯ ಫಾಂಟನ್ನೇ ನಂಬಿದ್ದವು. ಫಾಂಟ್ ಫೈಲ್ ತೆಗೆದ ದಿನ ಮೂರು ಪುಟಗಳಲ್ಲಿ ಚೌಕಗಳು ಎದ್ದು ಕೂತವು. ಹಳೆಯ ಮನೆಯ ಗೋಡೆಯಲ್ಲಿ ವೈರು ಹುಡುಕಿದ ಹಾಗೆ.

ಎರಡು, ಹೆಸರು. ಟೆಂಪ್ಲೇಟಿನಲ್ಲಿ ಎಲ್ಲ ಕಡೆ "ಟ್ರ್ಯಾಶ್", "ಫ್ಲಾಪಿ", "ಬಾರ್ಸ್" ಎಂದು ಆಕೃತಿಯ ಹೆಸರಿತ್ತು. ಅದನ್ನು ತೆಗೆದು ಕೆಲಸದ ಹೆಸರು ಇಟ್ಟೆ: ಅಳಿಸು, ಉಳಿಸು, ಪಟ್ಟಿ. ಯಾವ ಕೆಲಸಕ್ಕೆ ಯಾವ ಚಿತ್ರ ಎಂಬುದು ಈಗ ಒಂದೇ ಫೈಲಿನಲ್ಲಿದೆ. ನಾಳೆ ಯಾರಾದರೂ ಚಿತ್ರ ಬೇಡವೆಂದರೆ ಒಂದು ಸಾಲು ತಿದ್ದಿದರೆ ಆಯಿತು. ಈ ಪಟ್ಟಿ ಮಾಡುವಾಗಲೇ ನನಗೆ ಗೊತ್ತಾದದ್ದು, ಒಂದೇ ಬಾಗಿದ ಬಾಣವನ್ನು ನಾನು ಮೂರು ಬೇರೆ ಕೆಲಸಕ್ಕೆ ಬಳಸಿದ್ದೆ ಎಂದು. ಟೀಚರ್ ಗೊಂದಲಕ್ಕೆ ಬಿದ್ದದ್ದಲ್ಲ, ನಾನು ಬೀಳಿಸಿದ್ದು.

ಚಿತ್ರದ ಪಕ್ಕ ಕನ್ನಡದ ಪದ ಇರಲೇಬೇಕೆಂದು ತೀರ್ಮಾನಿಸಿದೆ. ಕಾರ್ಯದರ್ಶಿಗಳಿಗೆ ಇಷ್ಟವಾಗಲಿಲ್ಲ. "ಬರೀ ಅಕ್ಷರ ಹಾಕಿದ್ರೆ ಬ್ಯಾಂಕ್ ಚಲನ್ ಥರ ಕಾಣ್ತದೆ" ಎಂದರು. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಕನ್ನಡದ ಪದ ಜಾಗ ಕೇಳುತ್ತದೆ. ಟೇಬಲ್ಲಿನ ಕೊನೆಯ ಕಾಲಂ ಉಬ್ಬಿ ಪುಸ್ತಕದ ಹೆಸರು ಎರಡು ಸಾಲಾಯಿತು. ಇನ್ನೊಂದು ತೊಡಕು, ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷ್ ಅಕ್ಷರದ ಅಳತೆಗೆ ಕೂರಿಸಿದ ಐಕಾನ್ ಕನ್ನಡದ ಪಕ್ಕ ಮೇಲೆ ತೇಲಿದ ಹಾಗೆ ಕಾಣುತ್ತದೆ, ಸಾಲಿನ ಎತ್ತರ ಸಾಲದೆ ಒತ್ತಿನ ಬಾಲ ಕತ್ತರಿಸಿ ಹೋಗುತ್ತದೆ. ಸಾಲಿನ ಎತ್ತರ ಹೆಚ್ಚಿಸಿ, ಚಿತ್ರವನ್ನು ಕೂದಲೆಳೆಯಷ್ಟು ಕೆಳಗಿಳಿಸಿ, ಒಂದು ಸಂಜೆ ಅದರಲ್ಲೇ ಹೋಯಿತು.

ಪದ ಯಾವುದು? ನಾನು "ಹಿಂದಿರುಗಿಸುವಿಕೆ" ಎಂದು ಹಾಕಿದ್ದೆ. ಕಾರ್ಯದರ್ಶಿಗಳು "ಮರುಸ್ವೀಕೃತಿ" ಎಂದರು. ತಲೆ ಕೆಟ್ಟು ಟೀಚರ್ ರಿಜಿಸ್ಟರ್ ತೆರೆದು ನೋಡಿದೆ. ಕಾಲಂಗಳ ಮೇಲೆ ಅವರೇ ಕೆಂಪು ಶಾಯಿಯಲ್ಲಿ ಬರೆದದ್ದು ಇತ್ತು: "ಕೊಟ್ಟ ದಿನ", "ವಾಪಸ್ ಬಂದ ದಿನ", "ಯಾರ ನೆನಪಿಗೆ". ಇಷ್ಟು ಸುಲಭದ ಮಾತು ಕಣ್ಣ ಮುಂದೆ ಇರುವಾಗ ನಾವಿಬ್ಬರೂ ನಿಘಂಟು ತಿರುವುತ್ತಿದ್ದೆವು.

ಆ ರಿಜಿಸ್ಟರಿನಿಂದಲೇ 64 ಪುಸ್ತಕಗಳೂ ಮರಳಿ ಬಂದವು. ಕಂಪ್ಯೂಟರ್ ಬಂದ ಮೇಲೂ ಟೀಚರ್ ಕೈಬರಹ ಬಿಟ್ಟಿರಲಿಲ್ಲ. "ಎರಡೆರಡು ಸಲ ಯಾಕೆ ಬರೀತೀರಿ" ಎಂದು ನಾನೇ ಒಮ್ಮೆ ನಕ್ಕಿದ್ದೆ. ಸರ್ವರಿನ ಬ್ಯಾಕಪ್ ಇದ್ದದ್ದು ಏಳು ದಿನದ್ದು ಮಾತ್ರ. ಅದರಲ್ಲಿ ಸಿಕ್ಕಿದ್ದು ಒಂಬತ್ತು. ಉಳಿದ 55ನ್ನು ಎರಡು ರಾತ್ರಿ ಕೂತು, ರಿಜಿಸ್ಟರಿನ ಹಾಳೆ ನೋಡಿ ಟೈಪ್ ಮಾಡಿದೆ. ಆ ತಾಯಿಯ ಹೆಸರನ್ನು ಮತ್ತೆ ಹಾಕಿದಾಗ ಒಂಬತ್ತೂ ಬಂದವು. ಪುಣೆಗೆ ಅದರ ಫೋಟೋ ಕಳಿಸಿದೆ.

ಈಗ ಕಾರ್ಯದರ್ಶಿಗಳು ಬರೆಯಲು ಹೇಳಿದ ತಪ್ಪಿಗೆ ಬರುತ್ತೇನೆ. ಐಕಾನ್ ಸರಿಯಿರಲಿಲ್ಲ ಎಂಬುದು ಅರ್ಧ ತಪ್ಪೊಪ್ಪಿಗೆ ಮಾತ್ರ. ಯೋಚಿಸಿ ನೋಡಿ, ದಿನನಿತ್ಯ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಪುಟದಲ್ಲಿ ಪುಸ್ತಕವನ್ನೇ ಅಳಿಸುವ ಗುಂಡಿ ಯಾಕೆ ಬೇಕಿತ್ತು? ನಮ್ಮ ಗ್ರಂಥಾಲಯದಲ್ಲಿ ಪುಸ್ತಕ ಪಟ್ಟಿಯಿಂದ ಹೋಗುವುದು ವರ್ಷಕ್ಕೆ ನಾಲ್ಕೋ ಐದೋ, ಗೆದ್ದಲು ತಿಂದರೆ, ಕಳೆದರೆ. ಅದಕ್ಕೂ ಸಮಿತಿಯ ಒಪ್ಪಿಗೆ ಬೇಕು. ಆದರೂ ಆ ಗುಂಡಿ ಪ್ರತಿ ಸಾಲಿನಲ್ಲೂ ಇತ್ತು. ಕಾರಣ, ಟೆಂಪ್ಲೇಟಿನ ಮಾದರಿ ಟೇಬಲ್ಲಿನಲ್ಲಿ ಇತ್ತು. ನಾಲ್ಕು ಚಿತ್ರ ಚೆನ್ನಾಗಿ ಸಾಲಾಗಿ ಕೂತಿದ್ದವು, ನಾನು ಅವಕ್ಕೆ ಕೆಲಸ ಹುಡುಕಿಕೊಟ್ಟೆ. ಕೆಲಸಕ್ಕೆ ಚಿತ್ರ ಹುಡುಕಲಿಲ್ಲ.

ಕಸದ ಡಬ್ಬಿಯನ್ನು ಇನ್ನೂ ಚೆನ್ನಾಗಿ ಕಾಣುವ ಕಸದ ಡಬ್ಬಿಯಿಂದ ಬದಲಿಸಿದ್ದರೆ ಏನೂ ಬದಲಾಗುತ್ತಿರಲಿಲ್ಲ. ಈಗ ಆ ಪುಟದಲ್ಲಿ ಎರಡೇ ಗುಂಡಿ. "ವಾಪಸ್ ಬಂತು", "ಇನ್ನೂ ಬೇಕಂತೆ". ಅಳಿಸುವುದು ಬೇರೆ ಪುಟದಲ್ಲಿ, ಅದೂ ನಿಜವಾಗಿ ಅಳಿಸುವುದಿಲ್ಲ, ಪಕ್ಕಕ್ಕೆ ತೆಗೆದಿಡುತ್ತದೆ. ಎಚ್ಚರಿಕೆಯ ಮಾತು "ಈ ಪುಸ್ತಕವನ್ನು ಗ್ರಂಥಾಲಯದ ಪಟ್ಟಿಯಿಂದಲೇ ತೆಗೆಯುತ್ತಿದ್ದೀರಿ" ಎಂದು ಪುಸ್ತಕದ ಹೆಸರು ಹಿಡಿದು ಹೇಳುತ್ತದೆ. 22 ಐಕಾನ್‌ಗಳಲ್ಲಿ ಈಗ ಉಳಿದಿರುವುದು 13. ಒಂಬತ್ತು ಬೇಕಾಗಿಯೇ ಇರಲಿಲ್ಲ.

ಇಷ್ಟೆಲ್ಲ ಮುಗಿಸಿ ಟೀಚರ್ ಮನೆಗೆ ಹೋದೆ, ಬೀಗದ ಕೈ ಕಿಸೆಯಲ್ಲಿಟ್ಟುಕೊಂಡು. ಅವರು ಕಾಫಿ ಕೊಟ್ಟರು, ಊರಿನ ಮಳೆ ವಿಚಾರಿಸಿದರು, ಗ್ರಂಥಾಲಯದ ಮಾತು ಎತ್ತಲಿಲ್ಲ. ನಾನೇ ಲ್ಯಾಪ್‌ಟಾಪ್ ತೆರೆದೆ. "ನಿಮ್ಮ ತಪ್ಪಲ್ಲ ಟೀಚರ್" ಎಂದೆ.

"ಅದು ನನಗೆ ಗೊತ್ತುಂಟು" ಎಂದರು. "ಆ ಭಾನುವಾರ ಆ ಹುಡುಗಿ ನನ್ನ ಮುಖ ನೋಡಿದ್ದು ಮರೀಲಿಕ್ಕೆ ಆಗುವುದಿಲ್ಲ. ಅವಳ ಅಜ್ಜಿಯನ್ನು ನಾನು ಎತ್ತಿ ಬಿಸಾಡಿದ ಹಾಗೆ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ನಾವು ಪರದೆಯ ಮೇಲೆ ಇಡುವ ಚಿತ್ರ ಒಂದು ಬೆರಳಗಲದ್ದು. ಅದು ತಪ್ಪಿದಾಗ ತಲೆ ತಗ್ಗಿಸುವವರು ಅದನ್ನು ಇಟ್ಟವರಲ್ಲ, ಒತ್ತಿದವರು.

ಸ್ವಲ್ಪ ಹೊತ್ತಿಗೆ ಕನ್ನಡಕ ತೆಗೆದುಕೊಂಡು ಪರದೆ ನೋಡಿದರು. ವಾಪಸ್ ಬಂದದ್ದಕ್ಕೆ ನಾನೇ ಬರೆದ ಚಿತ್ರವಿತ್ತು: ಕಪಾಟಿನ ಮೇಲೆ ನಿಂತ ಎರಡು ಪುಸ್ತಕ, ನಡುವೆ ಖಾಲಿ ಜಾಗ, ಅದರೊಳಗೆ ಇಳಿಯುವ ಬಾಣ. ಅದನ್ನು ತುಂಬಾ ಹೊತ್ತು ನೋಡಿದರು.

"ಪುಸ್ತಕ ಮೇಲಿನಿಂದ ಯಾರು ಇಡ್ತಾರೆ ಮಾರಾಯ, ಕಪಾಟು ಮುರಿದು? ಎದುರಿನಿಂದ ದೂಡುವುದು."

ಬಾಣವನ್ನು ಎದುರಿನಿಂದ ತೋರಿಸಲು 24ರ ಚೌಕದಲ್ಲಿ ಜಾಗ ಸಾಲುವುದಿಲ್ಲ ಎಂದು ವಿವರಿಸಲು ಹೋದೆ. ಅವರು ರಿಜಿಸ್ಟರಿನ ಹಿಂದಿನ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದು ತೋರಿಸಿದರು: ನಿಂತ ಮೂರು ಪುಸ್ತಕ, ಅವುಗಳಲ್ಲಿ ನಡುವಿನದಕ್ಕೆ ಒಂದು ಸರಿ ಗುರುತು. ಬಾಣವೇ ಇಲ್ಲ. ಅದೇ ಈಗ ಪರದೆಯ ಮೇಲಿದೆ.

ಟೀಚರ್ ಈಗ ವಾರಕ್ಕೆ ಎರಡು ಸಂಜೆ ಬರುತ್ತಾರೆ. ಮೊದಲು ನಾಲ್ಕಿತ್ತು. ಉಳಿದೆರಡು ಸಂಜೆ ಆ ವಾಷಿಂಗ್ ಮೆಷಿನ್ ಹುಡುಗಿ ನೋಡಿಕೊಳ್ಳುತ್ತಾಳೆ. ಕೈಬರಹದ ರಿಜಿಸ್ಟರನ್ನು ಇಬ್ಬರೂ ಬರೆಯುತ್ತಾರೆ; ನಾನು ಈಗ ನಗುವುದಿಲ್ಲ.

ನಿಮ್ಮ ಸಂಘದಲ್ಲೂ ಇಂಥದ್ದೊಂದು ಇದ್ದರೆ, ಅದರ ಐಕಾನ್‌ಗಳನ್ನು ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು ಮುಂದಿನ ಸಭೆಯಲ್ಲಿ ಹಿರಿಯರ ಕೈಗೆ ಕೊಡಿ. ಅವರು ಬರೆದದ್ದನ್ನು ಓದಿ ನೀವು ನಗುತ್ತೀರಿ, ನಾನೂ ನಕ್ಕೆ. ನಕ್ಕ ಮೇಲೆ ಹಾಳೆಯನ್ನು ಬಿಸಾಡಬೇಡಿ, ಮಾಡಿಕೊಟ್ಟವನ ಕೈಗೆ ಕೊಡಿ. ಮುಂದಿನ ತಿಂಗಳು ಆ ಹಳೆಯ ಸ್ಮರಣ ಸಂಚಿಕೆಯ ಫೈಲುಗಳನ್ನು ಯೂನಿಕೋಡಿಗೆ ತರುವ ಪ್ರಯತ್ನದ ಬಗ್ಗೆ ಬರೆಯುತ್ತೇನೆ, ಅಷ್ಟರೊಳಗೆ ಅವು ತೆರೆದುಕೊಂಡರೆ.